ಪುಟ್ಟ ಮಕ್ಕಳಿರುವ ಮನೆಗೆ ಚುರುಕಾದ ನಾಯಿ: ತಳಿ ಆರಿಸುವ ಮುನ್ನ

ಮನೆಯಲ್ಲಿ ಪುಟ್ಟ ಮಕ್ಕಳಿರುವಾಗ ನಾಯಿ ತರಲು ಹೊರಟವರು ಮೊದಲು ಕೇಳುವ ಪ್ರಶ್ನೆ, ‘ಮಕ್ಕಳ ಜೊತೆ ಓಡಿ ಆಡುವಂಥ ಚುರುಕಾದ ತಳಿ ಯಾವುದು?’ ಎಂಬುದು. ನಾಯಿಗಳ ನಡುವೆಯೇ ಬೆಳೆದು, ಈಗ ಮಕ್ಕಳನ್ನೂ ನಾಯಿಯನ್ನೂ ಒಟ್ಟಿಗೆ ಸಾಕುತ್ತಿರುವ ನನ್ನನ್ನು ಪರಿಚಿತರು ಆಗಾಗ ಹೀಗೆ ಕೇಳುತ್ತಾರೆ. ಯಾವುದೋ ಒಂದು ತಳಿಯ ಹೆಸರು ಹೇಳಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. ಒಂದು ನಾಯಿಯಲ್ಲಿ ಎಷ್ಟು ಚೈತನ್ಯವಿದೆ ಎನ್ನುವುದಕ್ಕಿಂತ, ಆ ಚೈತನ್ಯವನ್ನು ಯಾವ ಕೆಲಸಕ್ಕೆಂದು ತಲೆಮಾರುಗಳಿಂದ ಬೆಳೆಸಿಕೊಂಡು ಬಂದಿದ್ದಾರೆ ಮತ್ತು ಕೆಲಸ ಮುಗಿದ ಮೇಲೆ ಆ ನಾಯಿ ಸುಮ್ಮನೆ ಮಲಗಬಲ್ಲದೇ ಎಂಬುದು ಮಕ್ಕಳಿರುವ ಮನೆಗೆ ಹೆಚ್ಚು ಮುಖ್ಯವೆಂದು ನಾನು ನಂಬಿದ್ದೇನೆ. ಈ ಬರಹದಲ್ಲಿ ಅದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇಂದು ನಾವು ಚುರುಕಿನ ತಳಿಗಳೆಂದು ಕರೆಯುವ ನಾಯಿಗಳೆಲ್ಲ ಒಂದು ಕಾಲದಲ್ಲಿ ದುಡಿಯುತ್ತಿದ್ದ ನಾಯಿಗಳು. ಹೊಡೆದ ಹಕ್ಕಿಯನ್ನು ನೀರಿನಿಂದ ಹೆಕ್ಕಿ ತರಲು ಕೆಲವನ್ನು, ಕುರಿ ಹಿಂಡನ್ನು ತಿರುಗಿಸಲು ಕೆಲವನ್ನು, ಬಿಲದೊಳಗಿನ ನರಿಯನ್ನು ಹೊರಗಟ್ಟಲು ಕೆಲವನ್ನು, ಹಿಮದ ಮೇಲೆ ಗಾಡಿ ಎಳೆಯಲು ಇನ್ನು ಕೆಲವನ್ನು ಆರಿಸಿ ಆರಿಸಿ ಬೆಳೆಸಲಾಯಿತು. ಈ ನಾಯಿಗಳಿಗೆಲ್ಲ ದಿನವಿಡೀ ಓಡುವ ತ್ರಾಣವಿದ್ದರೂ, ಚೀರಾಡುತ್ತಾ ಅಡ್ಡಾದಿಡ್ಡಿ ಓಡುವ ನಾಲ್ಕು ವರ್ಷದ ಮಗುವನ್ನು ಕಂಡಾಗ ಅವುಗಳಿಗೆ ಏನು ಮಾಡಬೇಕೆನಿಸುತ್ತದೆ ಎಂಬುದು ಒಂದೊಂದಕ್ಕೂ ಬೇರೆ. ತಳಿ ಆರಿಸುವಾಗ ಕೇಳಿಕೊಳ್ಳಬೇಕಾದದ್ದು ಇದನ್ನೇ.

ಹೆಕ್ಕಿ ತರುವ ನಾಯಿಗಳಿಂದ, ಅಂದರೆ ರಿಟ್ರೀವರ್‌ಗಳಿಂದ ಆರಂಭಿಸುತ್ತೇನೆ, ಏಕೆಂದರೆ ಮಕ್ಕಳಿರುವ ಮನೆಗೆ ನಾನು ಮೊದಲು ನೋಡುವುದು ಅವುಗಳನ್ನೇ. ಲ್ಯಾಬ್ರಡಾರ್ ತಳಿಯ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಮೀನುಗಾರರ ಜೊತೆ ನೀರಿನಲ್ಲಿ ದುಡಿಯುತ್ತಿದ್ದ ನಾಯಿಗಳಲ್ಲಿದೆ. ಅವು ಬ್ರಿಟನ್ನಿಗೆ ಬಂದ ಮೇಲೆ ಬೇಟೆಗಾರರ ಕೈಯಲ್ಲಿ ಈಗಿನ ರೂಪ ಪಡೆದವು. ಗೋಲ್ಡನ್ ರಿಟ್ರೀವರ್ ರೂಪುಗೊಂಡದ್ದು ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಿ. 1868ರಲ್ಲಿ ಹಳದಿ ಬಣ್ಣದ ಒಂದು ರಿಟ್ರೀವರ್‌ನೊಂದಿಗೆ ನೀರಿನಲ್ಲಿ ಕೆಲಸ ಮಾಡುವ ಸ್ಪ್ಯಾನಿಯಲ್ ಒಂದನ್ನು ಕೂಡಿಸಿದ್ದರಿಂದ ಆ ವಂಶ ಬೆಳೆಯಿತು. ಈ ಎರಡೂ ತಳಿಗಳಿಗೆ ಬೇಕಾಗಿದ್ದ ಗುಣಗಳು ಮೂರು: ಹಕ್ಕಿಯ ಮೈಗೆ ಹಲ್ಲು ತಾಗದಂತೆ ಬಾಯಲ್ಲಿ ಹಿಡಿದು ತರುವುದು, ತಂದದ್ದನ್ನು ತಕರಾರಿಲ್ಲದೆ ಮನುಷ್ಯರ ಕೈಗೊಪ್ಪಿಸುವುದು, ಮತ್ತು ಸರದಿ ಬರುವವರೆಗೆ ಗುಂಡಿನ ಸದ್ದಿನ ನಡುವೆಯೂ ಸುಮ್ಮನೆ ಕಾಯುವುದು. ಮಗುವಿನ ಕೈಯಿಂದ ಚೆಂಡು ತೆಗೆದುಕೊಳ್ಳುವ, ಆಟಿಕೆಯನ್ನು ಬಿಟ್ಟುಕೊಡುವ, ಗದ್ದಲಕ್ಕೆ ಬೆಚ್ಚಿಬೀಳದ ನಾಯಿ ಬೇಕೆಂದಾಗ ನಾವು ಕೇಳುತ್ತಿರುವುದೂ ಹೆಚ್ಚುಕಡಿಮೆ ಇವೇ ಗುಣಗಳನ್ನು.

ಹಾಗೆಂದು ಲ್ಯಾಬ್ರಡಾರ್ ಸುಲಭದ ನಾಯಿಯೆಂದು ಯಾರೂ ಭಾವಿಸಬಾರದು. ನಾಯಿತಳಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಸಂಸ್ಥೆ ಕೆನಲ್ ಕ್ಲಬ್ ತನ್ನ ತಳಿ ವಿವರಗಳಲ್ಲಿ ಲ್ಯಾಬ್ರಡಾರ್‌ಗೆ ದಿನಕ್ಕೆ ಎರಡು ಗಂಟೆಗೂ ಮಿಕ್ಕಿದ ವ್ಯಾಯಾಮ ಬೇಕೆಂದು ಹೇಳುತ್ತದೆ. ಆರು ತಿಂಗಳಿನಿಂದ ಒಂದೂವರೆ ಎರಡು ವರ್ಷದವರೆಗಿನ ಲ್ಯಾಬ್ರಡಾರ್ ಎಂದರೆ ಇಪ್ಪತ್ತೈದು, ಮೂವತ್ತು ಕಿಲೋ ತೂಕದ ಮಗು. ಅದಕ್ಕೆ ತನ್ನ ಮೈ ಎಲ್ಲಿಗೆ ಮುಗಿಯುತ್ತದೆ ಎಂಬ ಅರಿವೇ ಇರುವುದಿಲ್ಲ. ಸಂತೋಷದಿಂದ ಬೀಸುವ ಅದರ ಬಾಲ ಎರಡು ವರ್ಷದ ಮಗುವಿನ ಮುಖದ ಎತ್ತರಕ್ಕೇ ಬರುತ್ತದೆ, ಪ್ರೀತಿಯಿಂದ ಒರಗಿದರೂ ಮಗು ಕೆಳಗೆ ಬೀಳುತ್ತದೆ. ಜೊತೆಗೆ ಅದರ ಹಸಿವು. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗದಷ್ಟರಲ್ಲಿ ಹಸಿವನ್ನು ಹತೋಟಿಯಲ್ಲಿಡುವ ಒಂದು ವಂಶವಾಹಿಯ ತುಣುಕು ಕಳೆದುಹೋಗಿದೆಯೆಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರ ತಂಡ 2016ರಲ್ಲಿ ತೋರಿಸಿಕೊಟ್ಟಿತು. ಊಟದ ಹೊತ್ತಿನಲ್ಲಿ ಮಗುವಿನ ಕುರ್ಚಿಯ ಕೆಳಗೆ ಕಾಯ್ದು ಕೂರುವ ಇಂಥ ನಾಯಿ, ಮನೆಯವರು ಎಚ್ಚರ ತಪ್ಪಿದರೆ ವರ್ಷದೊಳಗೆ ದಪ್ಪಗಾಗಿ, ಸೊಂಟದ ಕೀಲಿನ ತೊಂದರೆಗೆ ಸಿಕ್ಕಿಬೀಳುತ್ತದೆ. ಮಕ್ಕಳ ಕೈಜಾರಿ ಬೀಳುವ ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ ಇವೆಲ್ಲ ನಾಯಿಗಳಿಗೆ ವಿಷವಾಗಬಲ್ಲವು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಇನ್ನೊಂದು ಮಾತು ಈ ತಳಿಗಳನ್ನು ಹುಡುಕುವವರಿಗೆ ಬಹಳ ಮುಖ್ಯ. ಒಂದೇ ತಳಿಯೊಳಗೆ ಎರಡು ಬಗೆಯ ವಂಶಗಳು ಬೆಳೆದುಬಂದಿವೆ. ಇಂದಿಗೂ ಬೇಟೆಯ ಮೈದಾನದ ಕೆಲಸಕ್ಕೆಂದು ಬೆಳೆಸುವ ಸಪೂರ ಮೈಯ, ತಡೆಯಿಲ್ಲದ ಉತ್ಸಾಹದ ವಂಶ ಒಂದು, ಪ್ರದರ್ಶನಕ್ಕೆಂದು ಬೆಳೆಸುವ ದಪ್ಪ ಮೂಳೆಯ, ತುಸು ನಿಧಾನದ ವಂಶ ಇನ್ನೊಂದು. ಲ್ಯಾಬ್ರಡಾರ್, ಗೋಲ್ಡನ್, ಸ್ಪ್ರಿಂಗರ್ ಸ್ಪ್ಯಾನಿಯಲ್ ಈ ಮೂರರಲ್ಲಿಯೂ ಈ ಅಂತರ ಎಷ್ಟು ದೊಡ್ಡದೆಂದರೆ, ತಳಿಯ ಹೆಸರನ್ನಷ್ಟೇ ನೋಡಿ ಮರಿ ತಂದವರಿಗೆ ತಾವು ಓದಿದ ನಾಯಿಯೇ ಬೇರೆ, ಮನೆಗೆ ಬಂದ ನಾಯಿಯೇ ಬೇರೆ ಎನಿಸಬಹುದು. ಪುಟ್ಟ ಮಕ್ಕಳಿರುವ ಮನೆಗೆ ಎರಡನೆಯ ವಂಶವೇ ಸಾಕು. ಅಪ್ಪ ಅಥವಾ ಅಮ್ಮ ದಿನವೂ ಓಟಕ್ಕೋ ಚಾರಣಕ್ಕೋ ಹೋಗುವವರಾಗಿದ್ದರೆ ಮೊದಲನೆಯದರ ಬಗ್ಗೆ ಯೋಚಿಸಬಹುದು.

ಕುರಿ ಕಾಯುವ ನಾಯಿಗಳ ವಿಷಯದಲ್ಲಿ ನಾನು ಹೆಚ್ಚು ಎಚ್ಚರ ವಹಿಸುತ್ತೇನೆ. ಬಾರ್ಡರ್ ಕಾಲಿಯ ಬುದ್ಧಿಶಕ್ತಿಯ ಬಗ್ಗೆ ಕೇಳಿ ಮರುಳಾಗದವರು ಕಡಿಮೆ. ಜಾನ್ ಪಿಲ್ಲಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಚೇಸರ್ ಎಂಬ ಹೆಣ್ಣು ಬಾರ್ಡರ್ ಕಾಲಿಗೆ ಸಾವಿರಕ್ಕೂ ಹೆಚ್ಚು ಆಟಿಕೆಗಳ ಹೆಸರು ಕಲಿಸಿದ್ದು ನಿಜ. ಆದರೆ ಆ ಕಲಿಕೆಯ ಹಿಂದೆ ವರ್ಷಗಟ್ಟಲೆ, ದಿನಕ್ಕೆ ಹಲವು ಗಂಟೆಗಳ ಅಭ್ಯಾಸವಿತ್ತು. ಇಂಥ ಬುದ್ಧಿಗೆ ಕೆಲಸ ಸಿಗದಿದ್ದಾಗ ಅದು ತಾನೇ ಕೆಲಸ ಹುಡುಕಿಕೊಳ್ಳುತ್ತದೆ, ಮತ್ತು ಮನೆಯಲ್ಲಿ ಕುರಿಗಳಿಗೆ ಅತ್ಯಂತ ಹತ್ತಿರವಾದ ಜೀವಿಗಳೆಂದರೆ ಮಕ್ಕಳು. ಒಂದು ಮೈದಾನದಲ್ಲಿ ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಾಲ್ಕೈದು ಮಕ್ಕಳು ಮುಟ್ಟಾಟ ಆಡುತ್ತಿದ್ದರು. ಒಂದು ಎಳೆಯ ಬಾರ್ಡರ್ ಕಾಲಿ ತಲೆಯನ್ನು ಭುಜಕ್ಕಿಂತ ಕೆಳಗಿಳಿಸಿ, ಕಣ್ಣು ಮಿಟುಕಿಸದೆ, ಅವರ ಸುತ್ತ ದೊಡ್ಡ ವೃತ್ತದಲ್ಲಿ ಸುತ್ತತೊಡಗಿತು. ಗುಂಪಿನಿಂದ ಒಬ್ಬ ಹುಡುಗ ಹೊರಗೆ ಓಡಿದ ಕೂಡಲೇ ಬಾಣದಂತೆ ನುಗ್ಗಿ ಅವನ ಹಿಮ್ಮಡಿಯನ್ನು ಹಲ್ಲಿನಿಂದ ಚಿವುಟಿತು. ಹುಡುಗ ಅತ್ತು ಗುಂಪಿಗೆ ಮರಳಿದ. ನಾಯಿ ಮತ್ತೆ ತನ್ನ ವೃತ್ತಕ್ಕೆ ಮರಳಿತು. ಅದರ ಮಟ್ಟಿಗೆ ಕೆಲಸ ಸರಿಯಾಗಿಯೇ ನಡೆದಿತ್ತು. ಅದರಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ, ಆದರೆ ಹುಡುಗನ ಕಾಲಿನ ಮೇಲೆ ಕೆಂಪು ಗುರುತು ಮೂಡಿತ್ತು, ಮುಂದೆ ಅವನು ನಾಯಿ ಕಂಡರೆ ಹೆದರುವಂತಾದರೆ ಆಶ್ಚರ್ಯವಿಲ್ಲ.

ಆಸ್ಟ್ರೇಲಿಯನ್ ಶೆಫರ್ಡ್, ಕಾರ್ಗಿ, ಆಸ್ಟ್ರೇಲಿಯನ್ ಕ್ಯಾಟಲ್ ಡಾಗ್ ಇವುಗಳಲ್ಲಿಯೂ ಇದೇ ಪ್ರವೃತ್ತಿಯಿದೆ. ದನಗಳ ಹಿಂಗಾಲನ್ನು ಕಚ್ಚಿ ಓಡಿಸಲು ಬೆಳೆಸಿದ ತಳಿಗಳಲ್ಲಿ ಅದು ಇನ್ನೂ ಬಿರುಸು. ತರಬೇತಿಯಿಂದ ಇದನ್ನು ಬೇರೆ ದಾರಿಗೆ ತಿರುಗಿಸಬಹುದು, ಆದರೆ ಬುಡಸಮೇತ ಕೀಳಲಾಗದು. ಮಕ್ಕಳು ಹತ್ತು ಹನ್ನೆರಡು ವರ್ಷ ದಾಟಿ, ತಾವೇ ನಾಯಿಗೆ ಅಡೆತಡೆ ಓಟವನ್ನೋ ವಸ್ತು ಹುಡುಕುವ ಆಟವನ್ನೋ ಕಲಿಸಬಲ್ಲವರಾದರೆ ಬಾರ್ಡರ್ ಕಾಲಿಯಂಥ ಸಂಗಾತಿ ಸಿಗುವುದು ಕಷ್ಟ. ತೆವಳುವ, ತಪ್ಪುಹೆಜ್ಜೆ ಇಡುವ ವಯಸ್ಸಿನ ಮಕ್ಕಳಿರುವ ಮನೆಗೆ ಅದನ್ನು ತರಬೇಡಿರೆಂದೇ ನಾನು ಹೇಳುತ್ತೇನೆ. ಬೆಲ್ಜಿಯನ್ ಮ್ಯಾಲಿನೋಯ್ ಬಗ್ಗೆಯಂತೂ ಚರ್ಚೆಯೇ ಬೇಡ. ಪೊಲೀಸ್ ಮತ್ತು ಸೇನೆಯ ಕೆಲಸಕ್ಕೆ ಹೇಳಿಮಾಡಿಸಿದ ಆ ನಾಯಿಯನ್ನು ಚಿತ್ರಗಳಲ್ಲಿ ನೋಡಿ ಮೆಚ್ಚಿ ಮನೆಗೆ ತರುವುದು ನಾಯಿಗೂ ಮಕ್ಕಳಿಗೂ ಅನ್ಯಾಯ.

ಬಿಲದೊಳಗಿನ ನರಿಯನ್ನು ಹೊರಗಟ್ಟಲು ಬೆಳೆಸಿದ ಟೆರಿಯರ್‌ಗಳ ಗಾತ್ರ ಚಿಕ್ಕದಾದ್ದರಿಂದ ಅವು ಮಕ್ಕಳಿಗೆ ಸರಿಹೊಂದುತ್ತವೆ ಎಂಬ ನಂಬಿಕೆ ಬಲವಾಗಿದೆ. ಜ್ಯಾಕ್ ರಸೆಲ್ ಟೆರಿಯರ್‌ಗೆ ಹೆಸರು ಬಂದದ್ದು ಇಂಗ್ಲೆಂಡಿನ ಪಾದ್ರಿ ಜಾನ್ ರಸೆಲ್ ಅವರಿಂದ; 1819ರಲ್ಲಿ ಅವರು ಕೊಂಡ ‘ಟ್ರಂಪ್’ ಎಂಬ ಹೆಣ್ಣು ನಾಯಿಯಿಂದ ಆ ವಂಶ ಆರಂಭವಾಯಿತೆನ್ನುತ್ತಾರೆ. ಬಿಲದ ಕತ್ತಲಲ್ಲಿ, ಯಜಮಾನನ ಅಪ್ಪಣೆಗೆ ಕಾಯದೆ, ತನ್ನಷ್ಟೇ ದೊಡ್ಡ ಪ್ರಾಣಿಗೆ ಎದುರು ನಿಂತು ಬೊಗಳುವ ಧೈರ್ಯವಿರುವ ನಾಯಿ ಅದು. ಬಾಲ ಎಳೆದರೆ, ಮಲಗಿದ್ದಾಗ ಮೇಲೆ ಬಿದ್ದರೆ, ಮೂಳೆ ಕಿತ್ತುಕೊಳ್ಳಲು ಹೋದರೆ ಸಹಿಸಿಕೊಂಡು ಎದ್ದುಹೋಗುವುದು ಅದರ ಜಾಯಮಾನಕ್ಕೆ ಅಷ್ಟಾಗಿ ಒಗ್ಗಿದ್ದಲ್ಲ. ನಾಯಿಯ ಮಾತನ್ನು ಅರ್ಥಮಾಡಿಕೊಳ್ಳುವ ವಯಸ್ಸಿನ ಮಕ್ಕಳಿಗೆ ಅದು ಸೊಗಸಾದ ಗೆಳೆಯ.

ಬೀಗಲ್ ಬೇರೆ ಸ್ವಭಾವದ್ದು. ಗುಂಪುಗುಂಪಾಗಿ ಮೊಲದ ಜಾಡು ಹಿಡಿಯಲು ಬೆಳೆಸಿದ ನಾಯಿಯಾದ್ದರಿಂದ ಜಗಳಗಂಟಿತನ ಅದರಲ್ಲಿ ಕಡಿಮೆ. ಹತ್ತು ಕಿಲೋ ಆಸುಪಾಸಿನ ಗಟ್ಟಿ ಮೈ, ಮಕ್ಕಳ ಒರಟು ಪ್ರೀತಿಯನ್ನು ತಾಳಿಕೊಳ್ಳುವ ಸಮಾಧಾನ ಎರಡೂ ಅದಕ್ಕಿವೆ. ಗಾತ್ರ ಮತ್ತು ಸ್ವಭಾವ ಎರಡನ್ನೂ ತೂಗಿ ನೋಡಿದರೆ ಚಿಕ್ಕ ಮನೆಗಳಿಗೆ ನಾನು ಹೇಳುವ ಹೆಸರುಗಳಲ್ಲಿ ಇದು ಒಂದು. ಆದರೆ ಮೂಗು ನೆಲಕ್ಕೆ ತಾಗಿತೆಂದರೆ ಕಿವಿ ಕೇಳಿಸದು ಎಂಬಷ್ಟು ತನ್ಮಯತೆ ಅದರದು. ತೆರೆದ ಗೇಟಿನಿಂದ ಹೊರಬಿದ್ದ ಬೀಗಲ್ ಕರೆದರೆ ತಿರುಗಿ ನೋಡುವುದಿಲ್ಲ, ಮತ್ತು ಮಕ್ಕಳಿರುವ ಮನೆಯ ಗೇಟು ಎಷ್ಟು ಸಲ ತೆರೆದಿರುತ್ತದೆಂಬುದು ಎಲ್ಲ ತಾಯ್ತಂದೆಯರಿಗೂ ಗೊತ್ತು. ಅದರ ಊಳಿಡುವ ಸ್ವರ ಅಕ್ಕಪಕ್ಕದವರ ನಿದ್ದೆಯನ್ನೂ ಕೆಡಿಸಬಲ್ಲದು.

ಸೈಬೀರಿಯನ್ ಹಸ್ಕಿ ಮನುಷ್ಯರೊಡನೆ ಸ್ನೇಹದಿಂದಲೇ ಇರುತ್ತದೆ. ಆದರೆ ಅದು ದೂರ ಓಡಲೆಂದೇ ಹುಟ್ಟಿದ ನಾಯಿ. 1925ರಲ್ಲಿ ಅಲಾಸ್ಕಾದ ನೋಮ್ ಪಟ್ಟಣದ ಮಕ್ಕಳನ್ನು ಡಿಫ್ತೀರಿಯಾ ರೋಗದಿಂದ ಉಳಿಸಲು, ನಾಯಿಗಾಡಿಗಳ ಸರಣಿಯೊಂದು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರವನ್ನು ಆರು ದಿನಗಳೊಳಗೆ ಕ್ರಮಿಸಿ ಔಷಧ ತಲುಪಿಸಿತ್ತು. ಆ ತ್ರಾಣವನ್ನು ಬೆಳಗಿನ ಅರ್ಧ ಗಂಟೆಯ ನಡಿಗೆ ತಣಿಸಲಾರದು. ಸೆಕೆಯಿರುವ ಹವೆಯಲ್ಲಿ ಎರಡು ಪದರದ ಆ ತುಪ್ಪಳ ನಾಯಿಗೆ ಹಿಂಸೆ. ಬಾಕ್ಸರ್ ಮಕ್ಕಳನ್ನು ಮನಸಾರೆ ಇಷ್ಟಪಡುವ, ವಯಸ್ಸಾದರೂ ಆಟ ಬಿಡದ ನಾಯಿಯೆಂದು ನಾನು ಮೆಚ್ಚುತ್ತೇನೆ. ಮೋಟು ಮೂತಿಯ ಕಾರಣ ಅದು ಬಿಸಿಲಿನಲ್ಲಿ ಬೇಗ ಏದುಸಿರು ಬಿಡುತ್ತದೆ ಮತ್ತು ಆ ತಳಿಯಲ್ಲಿ ಹೃದಯದ ಕಾಯಿಲೆ ಕಾಣಿಸಿಕೊಳ್ಳುವುದುಂಟು ಎಂಬುದನ್ನು ತಿಳಿದಿರಬೇಕು. ಡಾಲ್ಮೇಷಿಯನ್ ಕುದುರೆಗಾಡಿಗಳ ಪಕ್ಕದಲ್ಲಿ ಮೈಲಿಗಟ್ಟಲೆ ಓಡುತ್ತಿದ್ದ ತಳಿ. ಹುಟ್ಟು ಕಿವುಡು ಅದರಲ್ಲಿ ಉಳಿದ ತಳಿಗಳಿಗಿಂತ ಹೆಚ್ಚಾದ್ದರಿಂದ ಮರಿಯ ಕಿವಿಯ ಪರೀಕ್ಷೆ ಆಗಿದೆಯೇ ಎಂದು ಕೇಳದೆ ತರಬಾರದು. ಹಿಂದಿನಿಂದ ಓಡಿಬಂದ ಮಗುವಿನ ಸದ್ದು ಕೇಳಿಸದೆ, ಮುಟ್ಟಿದಾಗ ಬೆಚ್ಚಿ ತಿರುಗುವ ನಾಯಿಯ ಅಪಾಯ ನಿಜವಾದದ್ದು.

ಜನರು ಬೇಗ ಮರೆಯುವ ತಳಿಯೊಂದರ ಪರವಾಗಿ ಒಂದು ಮಾತು ಹೇಳಲೇಬೇಕು. ದೊಡ್ಡ ಗಾತ್ರದ ಸ್ಟ್ಯಾಂಡರ್ಡ್ ಪೂಡಲ್ ಎಂದರೆ ಬಹಳ ಜನರಿಗೆ ಕಣ್ಣ ಮುಂದೆ ಬರುವುದು ಅದರ ಅಲಂಕಾರದ ಕೂದಲು. ಅದು ಮೂಲದಲ್ಲಿ ನೀರಿನಿಂದ ಬಾತುಕೋಳಿ ಹೆಕ್ಕಿ ತರುತ್ತಿದ್ದ ನಾಯಿ. ಓಟ, ಈಜು, ಕಲಿಕೆ ಮೂರರಲ್ಲಿಯೂ ಮುಂದು, ಕೂದಲು ಉದುರುವುದೂ ಕಡಿಮೆ. ಕೂದಲನ್ನು ಕೆಲವು ವಾರಗಳಿಗೊಮ್ಮೆ ಕತ್ತರಿಸಿ ಬಾಚುವ ಕೆಲಸ ಮಾತ್ರ ತಪ್ಪದು. ಮಗುವಿಗೆ ಅಲರ್ಜಿ ಇದ್ದರೆ ಪೂಡಲ್ ಪರಿಹಾರವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲರ್ಜಿ ತರುವ ವಸ್ತು ನಾಯಿಯ ಜೊಲ್ಲಿನಲ್ಲೂ ಚರ್ಮದ ಹೊಟ್ಟಿನಲ್ಲೂ ಇರುತ್ತದೆ, ಅದಿಲ್ಲದ ತಳಿಯಿಲ್ಲ. ಮರಿ ತರುವ ಮೊದಲೇ ಮಗುವನ್ನು ನಾಯಿಯಿರುವ ಮನೆಯಲ್ಲಿ ಕೆಲವು ಸಲ ಹೊತ್ತು ಕಳೆಯಲು ಬಿಟ್ಟು ನೋಡುವುದು ಒಳ್ಳೆಯದು.

ಇಷ್ಟೆಲ್ಲ ತಳಿಗಳ ಬಗ್ಗೆ ಹೇಳಿದ ಮೇಲೆ, ತಳಿ ಎಷ್ಟು ದೂರ ನಂಬಿಕೆಗೆ ಅರ್ಹ ಎಂಬುದನ್ನೂ ಹೇಳಬೇಕಾಗುತ್ತದೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ವರ್ತನೆಯನ್ನು ಅವುಗಳ ಮನೆಯವರಿಂದ ಕೇಳಿ ತಿಳಿದು, ನಾಯಿನಾಯಿಗಳ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇಕಡಾ 9 ಮಾತ್ರ ಎಂದು ಕಂಡುಕೊಂಡಿತು. ಮನುಷ್ಯರ ಮಾತಿಗೆ ಓಗೊಡುವ ಗುಣದಲ್ಲಿ ತಳಿಯ ಪ್ರಭಾವ ತಕ್ಕಮಟ್ಟಿಗೆ ಕಾಣಿಸಿತು. ಎಷ್ಟು ಬೇಗ ಕೆರಳುತ್ತದೆ ಎಂಬ ವಿಷಯದಲ್ಲಿ ತಳಿ ಬಹುಮಟ್ಟಿಗೆ ಏನನ್ನೂ ಹೇಳಲಿಲ್ಲ. ಮಕ್ಕಳಿರುವ ಮನೆಯವರು ಈ ಎರಡನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಯಾವ ದಿಕ್ಕಿನಲ್ಲಿ ಹುಡುಕಬೇಕೆಂಬುದಕ್ಕೆ ತಳಿ ನೆರವಾಗುತ್ತದೆ, ಆದರೆ ಎದುರಿಗಿರುವ ಈ ಒಂದು ನಾಯಿ ತಾಳ್ಮೆಯದ್ದೇ ಎಂಬುದನ್ನು ಆ ನಾಯಿಯನ್ನೇ ನೋಡಿ ತಿಳಿಯಬೇಕು. ‘ಲ್ಯಾಬ್ರಡಾರ್ ತಾನೇ, ಏನೂ ಮಾಡುವುದಿಲ್ಲ’ ಎಂಬ ಮಾತು ನನಗೆ ದಿಗಿಲು ಹುಟ್ಟಿಸುವುದು ಇದೇ ಕಾರಣಕ್ಕೆ.

ಮರಿಯನ್ನೇ ತರುವುದಾದರೆ ತಾಯಿ ನಾಯಿಯನ್ನು ನೋಡದೆ ತರಬೇಡಿ. ತಾಯಿ ಅಪರಿಚಿತರ ಮುಂದೆ ಮುದುಡಿ ಕುಳಿತರೆ, ಮಕ್ಕಳನ್ನು ಕಂಡು ಹಿಂದೆ ಸರಿದರೆ, ಮರಿಗಳೂ ಅದೇ ಅಳುಕನ್ನು ಹೊತ್ತಿರುವ ಸಾಧ್ಯತೆ ಹೆಚ್ಚು. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬೇರ್ಪಡಿಸಬಾರದು. ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅವಧಿ ನಾಯಿಯ ಮನಸ್ಸು ರೂಪುಗೊಳ್ಳುವ ಕಾಲವೆಂದು ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು 1965ರಲ್ಲೇ ತಮ್ಮ ದೀರ್ಘ ಅಧ್ಯಯನದ ಮೂಲಕ ತಿಳಿಸಿದ್ದರು. ಆ ಹೊತ್ತಿನಲ್ಲಿ ಮರಿ ಮಕ್ಕಳ ದನಿ, ವಾಸನೆ, ಓಡಾಟಕ್ಕೆ ಒಗ್ಗಿಕೊಂಡಿತ್ತೇ ಎಂದು ಬ್ರೀಡರ್ ಬಳಿ ಕೇಳಲೇಬೇಕು. ಮರಿ ಮನೆಗೆ ಬಂದ ಮೇಲೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ತಿಂಗಳುಗಳಲ್ಲಿ ಅದು ಸೂಜಿಯಂಥ ಹಲ್ಲುಗಳಿಂದ ಮಕ್ಕಳ ಕೈ, ಕಾಲು, ಬಟ್ಟೆ ಎಲ್ಲವನ್ನೂ ಕಚ್ಚುತ್ತದೆ. ಎಷ್ಟೋ ಮನೆಗಳಲ್ಲಿ ಮಕ್ಕಳು ಸೋಫಾದ ಮೇಲೇರಿ ಕುಳಿತು, ಇಳಿಯಲು ಹೆದರಿ ಅಳುವುದು ಈ ದಿನಗಳಲ್ಲೇ. ಅದಕ್ಕಾಗಿಯೇ, ಐದು ವರ್ಷದೊಳಗಿನ ಮಕ್ಕಳಿದ್ದರೆ ಎರಡು ಮೂರು ವರ್ಷ ತುಂಬಿದ, ಮಕ್ಕಳ ಜೊತೆ ಇದ್ದು ಗೊತ್ತಿರುವ ದೊಡ್ಡ ನಾಯಿಯನ್ನು ದತ್ತು ತರುವುದು ಮರಿ ತರುವುದಕ್ಕಿಂತ ಜಾಣತನವೆಂದು ನನಗನಿಸುತ್ತದೆ. ಅದರ ಸ್ವಭಾವ ಆಗಲೇ ಕಣ್ಣಿಗೆ ಕಾಣುವಂತಿರುತ್ತದೆ, ಮಿಶ್ರತಳಿಯಾದರೂ ಅಡ್ಡಿಯಿಲ್ಲ.

ಚುರುಕಿನ ನಾಯಿಯನ್ನು ದಣಿಸಿದರೆ ಸಾಕು, ಎಲ್ಲವೂ ಸರಿಯಾಗುತ್ತದೆ ಎಂಬ ಸಲಹೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ದಿನವೂ ಚೆಂಡು ಎಸೆದು ಎಸೆದು ಓಡಿಸಿದರೆ ನಾಯಿಗೆ ಕಸುವು ಹೆಚ್ಚಿ, ಮರುದಿನ ಇನ್ನಷ್ಟು ಓಟ ಬೇಕೆನ್ನುತ್ತದೆ. ದೊಡ್ಡ ತಳಿಯ ಮರಿಗಳ ಎಳೆಯ ಮೂಳೆಗಳಿಗೆ ಅತಿಯಾದ ಓಟ, ಜಿಗಿತ ಹಾನಿ ಮಾಡುವುದೂ ಉಂಟು. ನಡಿಗೆಯಲ್ಲಿ ಅವಸರಪಡಿಸದೆ ಮೂಸಲು ಬಿಡುವುದು, ಬಚ್ಚಿಟ್ಟ ತಿಂಡಿಯನ್ನು ಹುಡುಕಿಸುವುದು, ಚಾಪೆಯ ಮೇಲೆ ಸುಮ್ಮನೆ ಮಲಗುವುದನ್ನು ಕಲಿಸುವುದು ಇವು ಓಟದಷ್ಟೇ ಬೇಕಾದವು. ತಿಂಡಿ ಬಚ್ಚಿಡುವ ಕೆಲಸವನ್ನು ಮೂರು ವರ್ಷದ ಮಗುವೂ ಮಾಡಬಲ್ಲದು, ಅದೂ ಎಷ್ಟು ಸಂಭ್ರಮದಿಂದ! ನಡಿಗೆಗೆ ಬೆಲ್ಟ್ ಹಿಡಿಯುವ ಹೊಣೆ ಮಾತ್ರ ದೊಡ್ಡವರದು. ಮೂವತ್ತು ಕಿಲೋ ನಾಯಿ ಬೆಕ್ಕು ಕಂಡು ಎಳೆದರೆ ಎಂಟು ವರ್ಷದ ಹುಡುಗಿ ತಡೆಯಲಾರಳು. ಆದ್ದರಿಂದ ನಾಯಿಗೆ ದಿನಕ್ಕೆ ಎಷ್ಟು ಹೊತ್ತು ಕೊಡಬಲ್ಲೆವು ಎಂದು ಲೆಕ್ಕ ಹಾಕುವಾಗ ಮಕ್ಕಳ ಉತ್ಸಾಹವನ್ನು ಬಿಟ್ಟು, ದೊಡ್ಡವರ ಬಿಡುವನ್ನಷ್ಟೇ ಎಣಿಸಬೇಕು. ಕೈಗೂಸು ಇರುವ ಮನೆಯಲ್ಲಿ ಆ ಬಿಡುವು ದಿನಕ್ಕೆ ಒಂದು ಗಂಟೆಯೂ ಇಲ್ಲದಿದ್ದರೆ ಎರಡು ವರ್ಷ ಕಾಯುವುದು ಒಳ್ಳೆಯದು.

ಮಕ್ಕಳನ್ನು ಕಚ್ಚುವ ನಾಯಿ ಹೆಚ್ಚಾಗಿ ಬೀದಿಯಲ್ಲಿ ಎದುರಾದದ್ದಲ್ಲ, ಪರಿಚಯದ್ದು, ಎಷ್ಟೋ ಸಲ ಸ್ವಂತ ಮನೆಯದ್ದೇ. ಎತ್ತರ ಕಡಿಮೆಯಾದ್ದರಿಂದ ಚಿಕ್ಕ ಮಕ್ಕಳಿಗೆ ಗಾಯವಾಗುವುದು ಮುಖ, ತಲೆ, ಕುತ್ತಿಗೆಗೆ. ಕಚ್ಚುವ ಮೊದಲು ನಾಯಿ ಹಲವು ಸಲ ಬೇಡವೆಂದು ಹೇಳಿರುತ್ತದೆ: ಮಗು ಅಪ್ಪಿಕೊಂಡಾಗ ಮುಖ ತಿರುಗಿಸುತ್ತದೆ, ನಿದ್ದೆಯಿಲ್ಲದಿದ್ದರೂ ಆಕಳಿಸುತ್ತದೆ, ತಿಂಡಿಯಿಲ್ಲದಿದ್ದರೂ ತುಟಿ ನೆಕ್ಕುತ್ತದೆ, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆನೋಟ ಬೀರುತ್ತದೆ, ಮೈ ಬಿಗಿದು ನಿಲ್ಲುತ್ತದೆ, ಕೊನೆಗೆ ಗುರುಗುಟ್ಟುತ್ತದೆ. ಗುರುಗುಟ್ಟಿದ್ದಕ್ಕೆ ಗದರಿದರೆ ಮುಂದಿನ ಸಲ ಅದು ಆ ಎಚ್ಚರಿಕೆಯನ್ನೂ ಕೊಡದೆ ಕಚ್ಚಬಹುದು. ಉಣ್ಣುವಾಗ, ಮಲಗಿರುವಾಗ ನಾಯಿಯ ಹತ್ತಿರ ಹೋಗಬಾರದೆಂಬ ನಿಯಮವನ್ನು ಮಕ್ಕಳಿಗೆ ಮೊದಲ ದಿನವೇ ಹೇಳಬೇಕು; ಮಕ್ಕಳು ಕಾಲಿಡದ ಒಂದು ಮೂಲೆ ನಾಯಿಗೆ ಮೀಸಲಿರಬೇಕು; ಎಂಥ ಸಾಧು ನಾಯಿಯಾದರೂ ಪುಟ್ಟ ಮಗುವಿನೊಂದಿಗೆ ಅದನ್ನು ಒಂಟಿಯಾಗಿ ಬಿಡಬಾರದು. ರೇಬೀಸ್ ಲಸಿಕೆ, ಜಂತುಹುಳುವಿನ ಔಷಧ, ನಾಯಿಯನ್ನು ಮುಟ್ಟಿದ ಮೇಲೆ ಕೈತೊಳೆಯುವ ಅಭ್ಯಾಸ, ಇವುಗಳಲ್ಲಿ ರಾಜಿಯಿಲ್ಲ.

ನಾಯಿಯನ್ನು ನೋಡಲು ಹೋಗುವಾಗ ಮಕ್ಕಳನ್ನೂ ಕರೆದೊಯ್ಯಿರಿ, ಆದರೆ ಅವರು ಮೊದಲೇ ಅದರ ಮೇಲೆ ಬೀಳದಂತೆ ನೋಡಿಕೊಳ್ಳಿ. ನಾಯಿ ತಾನಾಗಿ ಬಂದು ಮೂಸುತ್ತದೆಯೇ, ಮೈ ಸಡಿಲಬಿಟ್ಟು ಬಾಲ ಆಡಿಸುತ್ತದೆಯೇ, ತಟ್ಟನೆ ಏನಾದರೂ ಕೆಳಗೆ ಬಿದ್ದು ಸದ್ದಾದಾಗ ಬೆಚ್ಚಿದರೂ ಕೆಲ ಕ್ಷಣಗಳಲ್ಲಿ ಸುಧಾರಿಸಿಕೊಂಡು ನೋಡಲು ಬರುತ್ತದೆಯೇ ಎಂದು ಗಮನಿಸಿ. ಸ್ವಲ್ಪ ಹೊತ್ತು ಆಡಿಸಿ. ಆಮೇಲೆ ಚೆಂಡನ್ನು ಜೇಬಿಗೆ ಹಾಕಿಕೊಂಡು, ಎಲ್ಲರೂ ಸುಮ್ಮನೆ ಕುಳಿತು ಹತ್ತು ನಿಮಿಷ ಕಾಯಿರಿ. ಮಕ್ಕಳ ಕಡೆ ನೋಡುತ್ತಾ ಬೊಗಳುತ್ತಲೇ ಇರುವ, ಮೇಲೆ ಹಾರುತ್ತಲೇ ಇರುವ ನಾಯಿ ಬೇರೊಂದು ಮನೆಗೆ ಒಳ್ಳೆಯ ನಾಯಿಯಾಗಬಹುದು. ಆಟದಲ್ಲಿ ಮೈಮರೆತು ಓಡಿ, ಆಟ ನಿಂತ ಮೇಲೆ ಒಂದು ಸುತ್ತು ಹಾಕಿ, ಮಕ್ಕಳಿಂದ ತುಸು ದೂರದಲ್ಲಿ ತಾನಾಗಿ ಮಲಗುವ ನಾಯಿ ಸಿಕ್ಕರೆ, ಅದರ ತಳಿ ನಿಮ್ಮ ಪಟ್ಟಿಯಲ್ಲಿ ಎರಡನೆಯದೋ ಮೂರನೆಯದೋ ಆಗಿದ್ದರೂ ಅದನ್ನೇ ಮನೆಗೆ ತನ್ನಿ.